ನದಿಗಳ್ಳ ಗಾನ್ ನಿಂಗ್ ದಂಡನಾಯಕನಾದದ್ದು ಹೇಗೆ?

ತುಂಗಾತೀರ, ತೀರ್ಥಹಳ್ಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ರಜೆಗೆ ಬಂದಿರುವ ಅಕ್ಕನ ಮಗ ಆಡುವ ವಿಡಿಯೊ ಗೇಮಿನಲ್ಲಿ ಗಾನ್ ನಿಂಗ್ ಎಂಬ ಚೀನೀ ಯೋಧನ ಪಾತ್ರವಿದೆ. ಮೈಮೇಲೆ ಹಚ್ಚೆ, ಸೊಂಟದಲ್ಲಿ ಗಂಟೆ, ಮೊದಲು ಕಡಲ್ಗಳ್ಳ, ಆಮೇಲೆ ದಂಡನಾಯಕ. ಈತ ಕ್ರಿ.ಶ. 200ರ ಆಸುಪಾಸಿನಲ್ಲಿ ನಿಜವಾಗಿಯೂ ಬದುಕಿದ್ದವನೆಂದೂ ಹಾನ್ ಸಾಮ್ರಾಜ್ಯ ಒಡೆದು ವೇಯ್, ಶು, ವೂ ಎಂಬ ಮೂರು ರಾಜ್ಯಗಳಾಗುವ ಕಾಲದಲ್ಲಿ ವೂ ಪಕ್ಷದಲ್ಲಿದ್ದವನೆಂದೂ ತಿಳಿದುಕೊಂಡಿದ್ದೇನೆ. ಅದಕ್ಕಿಂತ ಆಳಕ್ಕೆ ಹೋಗಲು ಕನ್ನಡದಲ್ಲಿ ನನಗೆ ಹೆಚ್ಚೇನೂ ಸಿಗಲಿಲ್ಲ.

ನನ್ನನ್ನು ಕಾಡುತ್ತಿರುವ ಸಂಗತಿ ಇಷ್ಟು. ಊರೂರು ದೋಚಿಕೊಂಡು ತಿರುಗಿದವನ ಕೈಗೆ ಒಬ್ಬ ಅರಸ ತನ್ನ ದಂಡನ್ನು ಕೊಡಬೇಕಾದರೆ ಅವನಲ್ಲಿ ಏನನ್ನು ಕಂಡಿರಬೇಕು? ಆ ಮನುಷ್ಯ ನಿಜಕ್ಕೂ ಬದಲಾದನೇ, ಅಥವಾ ಮೊದಲು ತನಗಾಗಿ ಮಾಡುತ್ತಿದ್ದ ಕೆಲಸವನ್ನೇ ಆಮೇಲೆ ಅರಸನ ಹೆಸರಿನಲ್ಲಿ ಮಾಡಿದನೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ನಿವೃತ್ತ ಇತಿಹಾಸ ಶಿಕ್ಷಕ, ಶಿವಮೊಗ್ಗ

ತುಂಗಾತೀರ ಅವರೇ, ಗಾನ್ ನಿಂಗ್ ಕಡಲಿನವನಲ್ಲ, ನದಿಯವನು. ಆತನ ಊರು ಬಾ ಪ್ರಾಂತ್ಯದ ಲಿಂಜಿಯಾಂಗ್, ಅಂದರೆ ಇಂದಿನ ಚೊಂಗ್‌ಚಿಂಗ್ ಆಡಳಿತಕ್ಕೆ ಸೇರಿದ ಝೊಂಗ್ ಸೀಮೆ. ಯಾಂಗ್‌ತ್ಸೆ ನದಿ ಬೆಟ್ಟಗಳ ನಡುವೆ ಹರಿಯುವ ಆ ನಾಡಿನಲ್ಲಿ ಸರಕು ಸಾಗುವುದೂ ಅಧಿಕಾರಿಗಳು ಓಡಾಡುವುದೂ ದಂಡು ಹೊರಡುವುದೂ ನೀರಿನ ಮೇಲೆಯೇ ಆದ್ದರಿಂದ, ನದಿಯನ್ನು ಕೈಯಲ್ಲಿಟ್ಟುಕೊಂಡವನನ್ನು ಯಾರೂ ಅಲಕ್ಷಿಸುವಂತಿರಲಿಲ್ಲ.

ಅವನ ಬಗ್ಗೆ ನಮಗಿರುವ ಮುಖ್ಯ ಆಧಾರ ಚೆನ್ ಶೌ (233–297) ಬರೆದ ‘ಮೂರು ರಾಜ್ಯಗಳ ದಾಖಲೆ’ಯಲ್ಲಿರುವ ಜೀವನಚರಿತ್ರೆ ಮತ್ತು 429ರಲ್ಲಿ ಪೇಯ್ ಸೊಂಗ್‌ಝಿ ಅದಕ್ಕೆ ಹಳೆಯ ಗ್ರಂಥಗಳ ಭಾಗಗಳನ್ನು ಸೇರಿಸಿ ಬರೆದ ಟಿಪ್ಪಣಿ. ಅವುಗಳ ಪ್ರಕಾರ ಗಾನ್ ನಿಂಗ್ ಎಳೆಯ ವಯಸ್ಸಿನಲ್ಲಿಯೇ ಪುಂಡರ ತಂಡವೊಂದನ್ನು ಕಟ್ಟಿ ಅದರ ನಾಯಕನಾದ. ಬಿಲ್ಲು ಹಿಡಿದು, ಗರಿಗಳನ್ನು ಸಿಕ್ಕಿಸಿಕೊಂಡು, ಗಂಟೆಗಳನ್ನು ಕಟ್ಟಿಕೊಂಡು ತಿರುಗುತ್ತಿದ್ದ ಆ ತಂಡದ ಗಂಟೆಯ ಸದ್ದು ಕೇಳಿದೊಡನೆ ಯಾರು ಬಂದರೆಂದು ಜನರಿಗೆ ಗೊತ್ತಾಗುತ್ತಿತ್ತು. ನೀವು ಹೇಳಿದ ಆಟದ ಗಂಟೆ ಬಂದದ್ದು ಇಲ್ಲಿಂದಲೇ. ದೋಣಿಗಳನ್ನು ದಡಕ್ಕೆ ಕಟ್ಟಲು ಅವನು ಬಳಸುತ್ತಿದ್ದುದು ಜರಿಯ ರೇಷ್ಮೆ. ಹೊರಡುವಾಗ ಅದನ್ನು ಬಿಚ್ಚುತ್ತಿರಲಿಲ್ಲ, ಕತ್ತರಿಸಿ ಅಲ್ಲಿಯೇ ಎಸೆದು ಹೋಗುತ್ತಿದ್ದ. ದಾರಿಯಲ್ಲಿ ಸಿಕ್ಕ ಅಧಿಕಾರಿ ಆದರದಿಂದ ಬರಮಾಡಿಕೊಂಡರೆ ಅವನೊಡನೆ ಸ್ನೇಹ. ಇಲ್ಲವಾದರೆ ಆಳುಗಳನ್ನು ಛೂ ಬಿಟ್ಟು ಸೊತ್ತನ್ನೆಲ್ಲ ಸುಲಿಗೆ. ಹೊಟ್ಟೆಗಿಲ್ಲದೆ ಕಳ್ಳತನಕ್ಕಿಳಿದವನ ಲಕ್ಷಣ ಇದಲ್ಲ. ತನಗೆ ಸಲ್ಲಬೇಕೆಂದು ತಾನು ನಂಬಿದ್ದ ಮರ್ಯಾದೆಯನ್ನು ಕತ್ತಿಯ ಬಲದಿಂದ ವಸೂಲು ಮಾಡುತ್ತಿದ್ದವನು ಇವನು. ಮುಂದಿನದನ್ನೆಲ್ಲ ಅರ್ಥ ಮಾಡಿಕೊಳ್ಳಲು ಇದೇ ಕೀಲಿಕೈ ಎಂದು ನಾನು ತಿಳಿಯುತ್ತೇನೆ.

ಆಮೇಲೆ ಅವನು ದರೋಡೆ ಬಿಟ್ಟು ಪ್ರಾಚೀನ ಚಿಂತಕರ ಗ್ರಂಥಗಳನ್ನು ಓದತೊಡಗಿದ. ಊರಿನ ಕಡೆಯ ಒಂದು ದಂಗೆಯಲ್ಲಿ ಸೇರಿ ಸೋತು, 800 ಮಂದಿ ಅನುಚರರೊಡನೆ ಪೂರ್ವದ ಜಿಂಗ್ ಪ್ರಾಂತ್ಯಕ್ಕೆ ಹೋಗಿ ಲಿಯು ಬಿಯಾವ್ ಎಂಬ ಅಧಿಪತಿಯ ಆಶ್ರಯ ಪಡೆದ. ಲಿಯು ಬಿಯಾವ್ ವಿದ್ವಾಂಸರ ನಡುವಿನ ಮನುಷ್ಯ. ಯುದ್ಧದ ವಿಷಯದಲ್ಲಿ ಈತನನ್ನು ನೆಚ್ಚಿಕೊಂಡರೆ ಉಳಿಗಾಲವಿಲ್ಲವೆಂದು ಗಾನ್ ನಿಂಗ್‌ಗೆ ಬೇಗನೆ ಅನ್ನಿಸಿತು. ಇನ್ನೂ ಪೂರ್ವಕ್ಕೆ ಸುನ್ ಚುವಾನ್ ಆಳುತ್ತಿದ್ದ ವೂ ನಾಡಿಗೆ ಹೋಗೋಣವೆಂದರೆ, ಇಂದಿನ ವುಹಾನ್ ಹತ್ತಿರ ನದಿಯ ದಾರಿಯನ್ನು ಹುವಾಂಗ್ ಜು ಎಂಬ ಸೇನಾನಿ ಅಡ್ಡಗಟ್ಟಿ ಕುಳಿತಿದ್ದ. ಬೇರೆ ದಾರಿಯಿಲ್ಲದೆ ಅವನ ಕೈಕೆಳಗೆಯೇ ಊಳಿಗಕ್ಕೆ ನಿಂತ.

203ರಲ್ಲಿ ಸುನ್ ಚುವಾನನ ದಂಡು ದಾಳಿಯಿಟ್ಟಾಗ ಹುವಾಂಗ್ ಜು ಸೋತು ಓಡುತ್ತಿದ್ದ. ಬೆನ್ನಟ್ಟಿ ಬಂದ ಲಿಂಗ್ ತ್ಸಾವ್ ಎಂಬ ವೂ ಸೇನಾನಿಯನ್ನು ಬಾಣದಿಂದ ಹೊಡೆದು ಕೆಡವಿ ಒಡೆಯನ ಪ್ರಾಣ ಉಳಿಸಿದವನು ಗಾನ್ ನಿಂಗ್. ಅದಕ್ಕೆ ಪ್ರತಿಯಾಗಿ ಸಿಕ್ಕಿದ್ದು ಶೂನ್ಯ. ಸು ಫೇಯ್ ಎಂಬ ಅಧಿಕಾರಿ ಅವನಿಗೊಂದು ಸ್ಥಾನ ಕೊಡಿಸಲು ಮೇಲಿಂದ ಮೇಲೆ ಶಿಫಾರಸು ಮಾಡಿದರೂ ಹುವಾಂಗ್ ಜು ಒಪ್ಪಲಿಲ್ಲ. ಸಾಲದೆಂಬಂತೆ ಅವನ ಅನುಚರರನ್ನೇ ಆಮಿಷವೊಡ್ಡಿ ಸೆಳೆದುಕೊಳ್ಳತೊಡಗಿದ. ಕೊನೆಗೆ ಸು ಫೇಯ್ ಉಪಾಯ ಹೂಡಿ ಅವನಿಗೆ ಗಡಿಯ ಕಡೆ ಒಂದು ಸಣ್ಣ ಅಧಿಕಾರ ಕೊಡಿಸಿದ. ಅಲ್ಲಿಂದ ಗಾನ್ ನಿಂಗ್ ತನ್ನ ಜೊತೆ ಬರಲೊಪ್ಪಿದ ಕೆಲವು ನೂರು ಮಂದಿಯೊಡನೆ ವೂ ನಾಡನ್ನು ಸೇರಿಕೊಂಡ.

ಅಲ್ಲಿ ಝೌ ಯೂ ಮತ್ತು ಲ್ಯು ಮೆಂಗ್ ಎಂಬ ಇಬ್ಬರು ಹಿರಿಯ ಸೇನಾನಿಗಳು ಅವನ ಪರವಾಗಿ ಮಾತಾಡಿದರು. ಸುನ್ ಚುವಾನ್ ಅವನನ್ನು ಹಳೆಯ ಸೇವಕರಿಗೆ ಸಮನಾಗಿ ನಡೆಸಿಕೊಂಡ. ಕಳ್ಳನ ಒಳಗಿದ್ದ ದಂಡನಾಯಕ ಮೊದಲು ಕಾಣಿಸಿಕೊಂಡದ್ದು ಯುದ್ಧಭೂಮಿಯಲ್ಲಲ್ಲ, ಆ ಸಭೆಯಲ್ಲಿ. ಹುವಾಂಗ್ ಜು ಮುದಿಯಾಗಿದ್ದಾನೆ, ಹಣವೂ ಧಾನ್ಯವೂ ಬರಿದಾಗಿವೆ, ಸುತ್ತಲಿನವರು ಅವನನ್ನು ವಂಚಿಸುತ್ತಿದ್ದಾರೆ, ದೋಣಿಗಳೂ ಆಯುಧಗಳೂ ದುರಸ್ತಿಯಿಲ್ಲದೆ ಬಿದ್ದಿವೆ. ಈಗಲೇ ಅವನನ್ನು ಮುಗಿಸಿ, ಆಮೇಲೆ ಜಿಂಗ್ ಪ್ರಾಂತ್ಯವನ್ನು ಹಿಡಿದು, ನದಿಯುದ್ದಕ್ಕೂ ಪಶ್ಚಿಮಕ್ಕೆ ಏರಿ ಬಾ ಮತ್ತು ಶು ಸೀಮೆಗಳನ್ನು ಗೆಲ್ಲಬೇಕು ಎಂದು ಅವನು ವಿವರಿಸಿದ. ನದಿಯ ಇಡೀ ಉದ್ದವನ್ನು ಕಣ್ಣಾರೆ ಕಂಡವನ ಯೋಜನೆ ಅದು. ದಂಡು ಹೊರಟರೆ ನಾಡಿನಲ್ಲಿ ಗಲಭೆಯಾದೀತೆಂದು ಹಿರಿಯ ಮಂತ್ರಿ ಝಾಂಗ್ ಝಾವ್ ಆಕ್ಷೇಪಿಸಿದಾಗ, ನಾಡನ್ನು ಕಾಯುವ ಹೊಣೆ ಹೊತ್ತ ನೀವೇ ಗಲಭೆಗೆ ಅಂಜಿದರೆ ಹೇಗೆ ಎಂದು ಗಾನ್ ನಿಂಗ್ ಎದುರು ಕೇಳಿದ. ಸುನ್ ಚುವಾನ್ ಮದ್ಯದ ಬಟ್ಟಲನ್ನು ಎತ್ತಿ, ಈ ವರ್ಷದ ದಂಡಯಾತ್ರೆಯನ್ನು ಈ ಬಟ್ಟಲಿನಂತೆಯೇ ನಿನಗೆ ಒಪ್ಪಿಸಿದ್ದೇನೆ ಎಂದ. 208ರಲ್ಲಿ ಹುವಾಂಗ್ ಜು ಸೋತು ಸತ್ತ.

ಶರಾವತಿ ಹಿನ್ನೀರು, ಸಾಗರ

ಮೇಷ್ಟ್ರು ಬರೆದದ್ದಕ್ಕೆ ಒಂದೆರಡು ಮಾತು ಸೇರಿಸಬೇಕೆನಿಸಿತು. ಸುನ್ ಮನೆತನ ಹೆಸರು ಮಾಡಿದ್ದೇ ಕಡಲ್ಗಳ್ಳರನ್ನು ಓಡಿಸಿ. ಸುನ್ ಚುವಾನನ ತಂದೆ ಸುನ್ ಜಿಯಾನ್ 17 ವರ್ಷದ ಹುಡುಗನಾಗಿದ್ದಾಗ ತಂದೆಯೊಡನೆ ದೋಣಿಯಲ್ಲಿ ಹೋಗುತ್ತಿದ್ದನಂತೆ. ಚಿಯೆನ್‌ತಾಂಗ್ ಬಳಿ ಕಳ್ಳರು ದಡದಲ್ಲಿ ಕುಳಿತು ಲೂಟಿಯನ್ನು ಪಾಲು ಮಾಡಿಕೊಳ್ಳುವುದನ್ನು ಕಂಡು, ಒಬ್ಬನೇ ಕತ್ತಿ ಹಿಡಿದು ದಡಕ್ಕೇರಿ, ಹಿಂದೆ ಸೈನ್ಯವೇ ಇದೆಯೆಂಬಂತೆ ಎಡಕ್ಕೂ ಬಲಕ್ಕೂ ಕೈಸನ್ನೆ ಮಾಡಿದ. ಕಳ್ಳರು ಸೊತ್ತು ಬಿಟ್ಟು ಓಡಿದರು, ಅವನು ಒಬ್ಬನನ್ನು ಬೆನ್ನಟ್ಟಿ ತಲೆ ಕಡಿದು ತಂದ. ಅಂಥವನ ಮಗ ನದಿಗಳ್ಳನೊಬ್ಬನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡನೆಂದರೆ, ಅದು ಔದಾರ್ಯಕ್ಕಿಂತ ಹೆಚ್ಚಾಗಿ ಅಗತ್ಯದ ಮಾತು.

ವೂ ರಾಜ್ಯದ ಉಳಿವು ಅಳಿವು ಯಾಂಗ್‌ತ್ಸೆ ನದಿಯನ್ನೇ ಅವಲಂಬಿಸಿತ್ತು. ಉತ್ತರದ ಅಧಿಪತಿ ತ್ಸಾವ್ ತ್ಸಾವ್‌ನ ಬಳಿ ಕುದುರೆ ದಂಡು ಎಷ್ಟಿದ್ದರೂ ನದಿ ದಾಟುವುದು ಅವನಿಗೆ ಕಷ್ಟ. 208ರ ಕೊನೆಗೆ ಕೆಂಪು ಬಂಡೆಗಳ ಯುದ್ಧದಲ್ಲಿ ಅವನ ಹಡಗುಗಳು ಸುಟ್ಟುಹೋದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಂಥ ರಾಜ್ಯಕ್ಕೆ ಸೆಳವು ತಿಳಿದ, ದೋಣಿಯ ಮೇಲೆ ನಿಂತು ಬಾಣ ಬಿಡಬಲ್ಲ ಮಂದಿ ಬೇಕಿತ್ತು. ಹುವಾಂಗ್ ಜು ಮೇಲಿನ ಕೊನೆಯ ಯುದ್ಧವನ್ನೇ ನೋಡಿ. ಅವನು ಎರಡು ಭಾರೀ ಯುದ್ಧನೌಕೆಗಳನ್ನು ನದಿಗೆ ಅಡ್ಡಲಾಗಿ ನಿಲ್ಲಿಸಿ, ತಾಳೆ ನಾರಿನ ದಪ್ಪ ಹಗ್ಗಗಳಿಗೆ ಬಂಡೆ ಕಟ್ಟಿ ಲಂಗರು ಹಾಕಿ, ಮೇಲೆ 1000 ಬಿಲ್ಲಾಳುಗಳನ್ನು ಕೂರಿಸಿದ್ದ. ವೂ ಕಡೆಯ ದೊಂಗ್ ಶಿ ಎಂಬ ಸೇನಾನಿ ಜೋಡಿ ಕವಚ ತೊಟ್ಟ 100 ಮಂದಿಯೊಡನೆ ನುಗ್ಗಿ ಆ ಹಗ್ಗಗಳನ್ನು ಕಡಿದ ಮೇಲೆಯೇ ದಾರಿ ತೆರೆದದ್ದು. ಇದು ಗದ್ದೆ ಉಳುವ ರೈತನನ್ನು ಹಿಡಿದು ತಂದು ಮಾಡಿಸುವ ಕೆಲಸವಲ್ಲ.

ಇನ್ನೊಂದು ವಿಷಯ, ಆ ಕಾಲದ ದಂಡಿನಲ್ಲಿ ಆಳುಗಳು ರಾಜನಿಗಿಂತ ಹೆಚ್ಚಾಗಿ ತಮ್ಮ ನಾಯಕನಿಗೆ ಸೇರಿದವರು. ತಂದೆ ಸತ್ತರೆ ಅವನ ಪಡೆ ಮಗನಿಗೆ ಬರುತ್ತಿತ್ತು. ಆದ್ದರಿಂದ ಆಳುಗಳನ್ನು ಕಟ್ಟಿಕೊಂಡು ಬಂದ ಕಳ್ಳನಾಯಕನಿಗೂ ಆಳುಗಳನ್ನು ಕಟ್ಟಿಕೊಂಡು ಬಂದ ಸೇನಾನಿಗೂ ಹೊರನೋಟಕ್ಕೆ ಅಂಥ ದೊಡ್ಡ ಅಂತರ ಇರಲಿಲ್ಲ.

ತುಂಗಾತೀರ, ತೀರ್ಥಹಳ್ಳಿ

ಇಬ್ಬರಿಗೂ ಕೃತಜ್ಞತೆಗಳು. ಓದುತ್ತ ಹೋದಂತೆ ಒಂದು ಸಂದೇಹ ಎದ್ದಿತು. ಗಾನ್ ನಿಂಗ್ ಕೊಂದ ಲಿಂಗ್ ತ್ಸಾವ್ ವೂ ಕಡೆಯವನಲ್ಲವೇ? ಅವನ ಮನೆಯವರು ಏನಾದರು? ಆ ಮನೆಯ ಅನ್ನ ಉಂಡವರ ಎದುರಿನಲ್ಲಿಯೇ ಈತ ಹೇಗೆ ಓಡಾಡಿಕೊಂಡಿದ್ದ?

ಬಳ್ಳಿಗಾವಿ ಕಡೆಯವನು, ಶಿಕಾರಿಪುರ

ಲಿಂಗ್ ತ್ಸಾವ್ ಸತ್ತಾಗ ಅವನ ಮಗ ಲಿಂಗ್ ತೊಂಗ್‌ಗೆ 15 ವರ್ಷ. ಸುನ್ ಚುವಾನ್ ಆ ಹುಡುಗನಿಗೇ ತಂದೆಯ ಪಡೆಯನ್ನು ವಹಿಸಿದ. ಐದು ವರ್ಷಗಳ ನಂತರ ಹುವಾಂಗ್ ಜು ಮೇಲಿನ ಯುದ್ಧದಲ್ಲಿ ಮುಂಚೂಣಿಯಲ್ಲಿದ್ದವರಲ್ಲಿ ಈ ಲಿಂಗ್ ತೊಂಗ್ ಕೂಡ ಒಬ್ಬ. ಅಷ್ಟರಲ್ಲಿ ತಂದೆಯನ್ನು ಕೊಂದವನು ಇವನದೇ ಪಾಳೆಯದಲ್ಲಿ ಅರಸನ ಮೆಚ್ಚಿನವನಾಗಿ ನಿಂತಿದ್ದ. ಸೇಡು ತೀರಿಸಿಕೊಳ್ಳಬಾರದೆಂದು ಸುನ್ ಚುವಾನ್ ಲಿಂಗ್ ತೊಂಗ್‌ಗೆ ಆಜ್ಞೆ ಮಾಡಿದ. ಗಾನ್ ನಿಂಗ್ ಕೂಡ ಅವನ ಕಣ್ಣಿಗೆ ಬೀಳದಂತೆ ಎಚ್ಚರದಿಂದಿದ್ದ.

ಒಮ್ಮೆ ಲ್ಯು ಮೆಂಗ್‌ನ ಮನೆಯಲ್ಲಿ ಔತಣ. ಮದ್ಯ ಸಾಗುತ್ತಿದ್ದಾಗ ಲಿಂಗ್ ತೊಂಗ್ ಎದ್ದು ಕತ್ತಿ ಹಿಡಿದು ಕುಣಿಯತೊಡಗಿದ. ಆ ಕುಣಿತ ಎಲ್ಲಿಗೆ ಮುಟ್ಟಲಿದೆಯೆಂದು ಕುಳಿತವರಿಗೆಲ್ಲ ಗೊತ್ತಿತ್ತು. ನನಗೂ ಜೋಡಿ ಈಟಿಯ ಕುಣಿತ ಬರುತ್ತದೆ ಎಂದು ಗಾನ್ ನಿಂಗ್ ಎದ್ದು ನಿಂತ. ಈಟಿಯ ಕುಣಿತ ನಿನಗೆ ಬಂದರೂ ನನ್ನಷ್ಟು ಚೆನ್ನಾಗಿ ಬಾರದು ಎನ್ನುತ್ತ ಲ್ಯು ಮೆಂಗ್ ಕತ್ತಿಯನ್ನೂ ಗುರಾಣಿಯನ್ನೂ ಹಿಡಿದು ಇಬ್ಬರ ನಡುವೆ ನಿಂತುಕೊಂಡ. ಇದು ತಿಳಿದ ಮೇಲೆ ಸುನ್ ಚುವಾನ್ ಗಾನ್ ನಿಂಗ್‌ನನ್ನು ಬೇರೆ ಠಾಣೆಗೆ ಕಳಿಸಿದ.

ಇಲ್ಲಿ ನನ್ನ ಮನಸ್ಸು ನಿಲ್ಲುವುದು ಸುನ್ ಚುವಾನನ ಮೇಲೆ. ಅವನ ತಂದೆ ಸುನ್ ಜಿಯಾನ್ 191ರ ಸುಮಾರಿಗೆ ಸತ್ತದ್ದು ಇದೇ ಹುವಾಂಗ್ ಜುವಿನ ಪಡೆಯೊಡನೆ ಹೋರಾಡುವಾಗ. ಹುವಾಂಗ್ ಜು ಮೇಲೆ ಮತ್ತೆ ಮತ್ತೆ ದಂಡೆತ್ತಿ ಹೋದದ್ದರಲ್ಲಿ ನೆಲದಾಸೆಯಷ್ಟೇ ಅಲ್ಲ, ತಂದೆಯ ಸಾವಿನ ಸೇಡೂ ಇತ್ತು. ತಾನು ಆ ಸೇಡನ್ನು ಪೂರೈಸಿಕೊಂಡು, ಲಿಂಗ್ ತೊಂಗ್ ಮಾತ್ರ ತನ್ನ ಸೇಡನ್ನು ನುಂಗಿಕೊಳ್ಳಬೇಕೆಂದು ಅವನು ಆಜ್ಞಾಪಿಸಿದ. ಗಾನ್ ನಿಂಗ್‌ಗೆ ಸಿಕ್ಕ ಗೌರವದ ಬೆಲೆಯನ್ನು ತೆತ್ತವನು ಲಿಂಗ್ ತೊಂಗ್ ಎಂದೇ ನನಗೆ ಕಾಣುತ್ತದೆ. ಬಳ್ಳಿಗಾವಿಯ ಸುತ್ತಲಿನ ವೀರಗಲ್ಲುಗಳ ಮುಂದೆ ನಿಂತಾಗಲೂ ನನಗೆ ಇಂಥದೇ ಯೋಚನೆ ಬರುತ್ತದೆ: ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ಅದರ ಮೇಲೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ನೋಟ, ತುದಿಯಲ್ಲಿ ಶಿವಲಿಂಗ, ಅವನ ಕತ್ತಿಗೆ ಬಿದ್ದವರ ಮಕ್ಕಳು ಆ ಕಲ್ಲಿನಲ್ಲಿ ಎಲ್ಲಿಯೂ ಇಲ್ಲ. ಚೆನ್ ಶೌ ಆ ಮಗನಿಗೂ ತನ್ನ ಗ್ರಂಥದಲ್ಲಿ ಪ್ರತ್ಯೇಕ ಜೀವನಚರಿತ್ರೆ ಬರೆದಿದ್ದಾನೆ, ಅದಕ್ಕಾಗಿ ಅವನಿಗೆ ನಮಸ್ಕರಿಸಬೇಕು.

215ರಲ್ಲಿ ಹೆಫೇಯ್ ಮುತ್ತಿಗೆಯಿಂದ ವೂ ದಂಡು ಹಿಂದಿರುಗುವಾಗ, ಸುನ್ ಚುವಾನ್ ಸಾವಿರ ಚಿಲ್ಲರೆ ಅಂಗರಕ್ಷಕರೊಡನೆ ಹಿಂದೆ ಉಳಿದಿದ್ದ ಹೊತ್ತಿಗೆ ಝಾಂಗ್ ಲಿಯಾವ್ ಎಂಬ ಶತ್ರು ಸೇನಾನಿ ಮೇಲೆ ಬಿದ್ದ. ಗಾನ್ ನಿಂಗ್ ಬಾಣಗಳನ್ನು ಬಿಡುತ್ತಲೇ, ರಣವಾದ್ಯ ಯಾಕೆ ನಿಂತಿತೆಂದು ವಾದ್ಯದವರನ್ನು ಗದರಿದ. ಅದೇ ದಿನ ಅದೇ ನದೀತೀರದಲ್ಲಿ ಲಿಂಗ್ ತೊಂಗ್ ತನ್ನ 300 ಮಂದಿಯೊಡನೆ ಅರಸನನ್ನು ಶತ್ರುಗಳ ನಡುವಿನಿಂದ ಬಿಡಿಸಿಕೊಂಡು ಬಂದ. ಆ 300 ಮಂದಿಯೂ ಸತ್ತರು. ಇವರಿಬ್ಬರು ಕೊನೆಗೆ ರಾಜಿಯಾದರೆಂಬ ಕಥೆ ಬಹಳ ಶತಮಾನಗಳ ಮೇಲೆ ಬಂದ ಕಾದಂಬರಿಯದು. ಚೆನ್ ಶೌನ ಬರಹದಲ್ಲಿ ರಾಜಿಯ ಮಾತಿಲ್ಲ.

ಹರಿಹರಪುರದ ಓದುಗಾರ್ತಿ, ಕೊಪ್ಪ

ನಾಲ್ವರೂ ಬರೆದದ್ದನ್ನು ಆಸಕ್ತಿಯಿಂದ ಓದಿದೆ. ಆದರೆ ಗಾನ್ ನಿಂಗ್ ಬದಲಾದನೇ ಎಂಬ ಪ್ರಶ್ನೆಗೆ ಉತ್ತರ ಅವನ ಯುದ್ಧಗಳಲ್ಲಿ ಸಿಗುವುದಿಲ್ಲ, ಅಡುಗೆಮನೆಯಲ್ಲಿ ಸಿಗುತ್ತದೆ. ಅದೇ ಜೀವನಚರಿತ್ರೆಯಲ್ಲಿರುವ ಪ್ರಸಂಗ ಇದು.

ಅವನ ಅಡುಗೆಮನೆಯ ಹುಡುಗನೊಬ್ಬ ಏನೋ ತಪ್ಪು ಮಾಡಿ, ಹೆದರಿ ಓಡಿಹೋಗಿ ಲ್ಯು ಮೆಂಗ್‌ನ ಮರೆಹೊಕ್ಕ. ಗಾನ್ ನಿಂಗ್ ಕೊಂದಾನೆಂಬ ಭಯದಿಂದ ಲ್ಯು ಮೆಂಗ್ ಆ ಹುಡುಗನನ್ನು ಕೂಡಲೇ ಹಿಂದಕ್ಕೆ ಕಳಿಸಲಿಲ್ಲ. ಮುಂದೊಂದು ದಿನ ಗಾನ್ ನಿಂಗ್ ಲ್ಯು ಮೆಂಗ್‌ನ ತಾಯಿಗೆ ಕಾಣಿಕೆ ಹಿಡಿದುಕೊಂಡು ಬಂದಾಗ, ಹುಡುಗನನ್ನು ಕೊಲ್ಲುವುದಿಲ್ಲವೆಂದು ಅವನಿಂದ ಮಾತು ಪಡೆದು ಒಪ್ಪಿಸಿದ. ಗಾನ್ ನಿಂಗ್ ತನ್ನ ದೋಣಿಗೆ ಮರಳಿದವನೇ ಹುಡುಗನನ್ನು ಹಿಪ್ಪುನೇರಳೆ ಮರಕ್ಕೆ ಕಟ್ಟಿಸಿ ತಾನೇ ಬಾಣ ಹೊಡೆದು ಕೊಂದ. ಆಮೇಲೆ ದೋಣಿಯ ಹಗ್ಗಗಳನ್ನು ಬಿಗಿಯಾಗಿ ಕಟ್ಟಲು ಹೇಳಿ, ಮೇಲಂಗಿ ಕಳಚಿ ದೋಣಿಯೊಳಗೆ ಮಲಗಿಕೊಂಡ. ಓಡಿಹೋಗುವ ಯೋಚನೆಯಿಲ್ಲ, ಬರುವುದು ಬರಲಿ ಎಂಬ ಭಂಗಿ ಅದು.

ಲ್ಯು ಮೆಂಗ್ ಕೋಪದಿಂದ ಆಳುಗಳನ್ನು ಕೂಡಿಸಿ ದೋಣಿಯ ಮೇಲೆ ನುಗ್ಗಲು ಹೊರಟ. ಅವನ ತಾಯಿ ಬರಿಗಾಲಿನಲ್ಲಿ ಓಡಿಬಂದು ತಡೆದಳು: ಅರಸ ನಿನ್ನನ್ನು ಮನೆಯ ಮಗನಂತೆ ಕಂಡು ದೊಡ್ಡ ಕೆಲಸಗಳನ್ನು ಒಪ್ಪಿಸಿರುವಾಗ, ನಿನ್ನ ಸ್ವಂತ ಕೋಪಕ್ಕಾಗಿ ಗಾನ್ ನಿಂಗ್‌ನನ್ನು ಕೊಲ್ಲುವುದು ಸರಿಯೇ ಎಂದು ಕೇಳಿದಳು. ತಾಯಿಯ ಮಾತಿಗೆ ಲ್ಯು ಮೆಂಗ್ ತಗ್ಗಿದ. ತಾನೇ ದೋಣಿಯ ಬಳಿಗೆ ಹೋಗಿ, ಅಮ್ಮ ಊಟಕ್ಕೆ ಕಾಯುತ್ತಿದ್ದಾಳೆ, ಬೇಗ ಮೇಲೆ ಬಾ ಎಂದು ಕರೆದ. ಗಾನ್ ನಿಂಗ್ ಕಣ್ಣೀರಿಟ್ಟು, ನಿನಗೆ ದ್ರೋಹ ಮಾಡಿದೆ ಎಂದ.

ಈ ಪ್ರಸಂಗವನ್ನು ಗೆಳೆತನದ ಹಿರಿಮೆಗೆ ಉದಾಹರಣೆಯಾಗಿ ಹೇಳುವವರಿದ್ದಾರೆ. ನನಗೆ ಅದು ಸಾಧ್ಯವಾಗುವುದಿಲ್ಲ. ಮೊಗಲರ ಕೋಪಕ್ಕೆ ಗುರಿಯಾಗಿ 1689ರಲ್ಲಿ ಓಡಿಬಂದ ರಾಜಾರಾಮನಿಗೆ ಕೆಳದಿಯ ಚೆನ್ನಮ್ಮಾಜಿ ಆಶ್ರಯ ಕೊಟ್ಟು, ಔರಂಗಜೇಬನ ದಂಡು ಬಂದರೂ ಬಗ್ಗದ ನಾಡು ನಮ್ಮದು. ಮರೆಹೊಕ್ಕವರನ್ನು ಬಿಟ್ಟುಕೊಡಬಾರದೆಂಬುದನ್ನು ಇಲ್ಲಿ ಮಕ್ಕಳಿಗೂ ಹೇಳಿಕೊಡುತ್ತಾರೆ. ಲ್ಯು ಮೆಂಗ್ ಮಾತು ನಂಬಿ ಬಿಟ್ಟುಕೊಟ್ಟ. ಗಾನ್ ನಿಂಗ್ ಮಾತು ಮುರಿದ. ಇಬ್ಬರೂ ಕೂಡಿ ಊಟ ಮಾಡಿದರು. ಸತ್ತ ಹುಡುಗನ ಹೆಸರನ್ನು ಬರೆದಿಡಬೇಕೆಂದು ಯಾರಿಗೂ ತೋರಲಿಲ್ಲ. ದೋಣಿ ಕಟ್ಟಿದ ರೇಷ್ಮೆಯನ್ನು ಕತ್ತರಿಸಿ ಎಸೆಯುತ್ತಿದ್ದವನೇ ಈ ಬಾಣವನ್ನೂ ಬಿಟ್ಟವನು. ಅವನು ಬದಲಾಗಲಿಲ್ಲ.

ನಿವೃತ್ತ ಇತಿಹಾಸ ಶಿಕ್ಷಕ, ಶಿವಮೊಗ್ಗ

ಕೊಪ್ಪದ ಸಹೋದರಿಯವರ ಮಾತಿನಲ್ಲಿ ಬಹುಪಾಲನ್ನು ನಾನು ಒಪ್ಪುತ್ತೇನೆ. ಚೆನ್ ಶೌ ಕೂಡ ಅದನ್ನು ಮುಚ್ಚಿಡಲಿಲ್ಲ: ಒರಟನೂ ಕೊಲ್ಲಲು ಹಿಂಜರಿಯದವನೂ ಆಗಿದ್ದರೂ ತೆರೆದ ಮನಸ್ಸಿನವನು, ದೂರದ ಆಲೋಚನೆಯುಳ್ಳವನು, ಹಣವನ್ನು ಲೆಕ್ಕಿಸದೆ ಯೋಗ್ಯರನ್ನು ಗೌರವಿಸುವವನು, ಆಳುಗಳನ್ನು ಧಾರಾಳವಾಗಿ ಸಾಕುವವನು, ಆದ್ದರಿಂದಲೇ ಅವರು ಅವನಿಗಾಗಿ ಜೀವ ಕೊಡಲು ಸಿದ್ಧರಿದ್ದರು ಎಂಬ ಅರ್ಥದಲ್ಲಿ ಬರೆದಿದ್ದಾನೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾನೆ.

ಆದರೆ ಬದಲಾಗಲೇ ಇಲ್ಲ ಎಂದು ಮುಗಿಸಿಬಿಡುವ ಮೊದಲು ಸು ಫೇಯ್ ಪ್ರಸಂಗವನ್ನೂ ತಕ್ಕಡಿಗೆ ಹಾಕಬೇಕೆಂದು ನನ್ನ ಕೋರಿಕೆ. ಹುವಾಂಗ್ ಜು ಮೇಲೆ ದಂಡೆತ್ತುವ ಮೊದಲೇ ಸುನ್ ಚುವಾನ್ ಎರಡು ಪೆಟ್ಟಿಗೆಗಳನ್ನು ಮಾಡಿಸಿಟ್ಟಿದ್ದ, ಒಂದು ಹುವಾಂಗ್ ಜುವಿನ ತಲೆಗೆ, ಇನ್ನೊಂದು ಸು ಫೇಯ್‌ನ ತಲೆಗೆ. ಸು ಫೇಯ್ ಸೆರೆಸಿಕ್ಕ. ಗೆಲುವಿನ ಔತಣದ ನಡುವೆ ಗಾನ್ ನಿಂಗ್ ಆಸನ ಬಿಟ್ಟಿಳಿದು ರಕ್ತವೂ ಕಣ್ಣೀರೂ ಸುರಿಯುವಂತೆ ನೆಲಕ್ಕೆ ಹಣೆ ಬಡಿದುಕೊಂಡು, ಸು ಫೇಯ್ ಇಲ್ಲದಿದ್ದರೆ ತಾನು ಎಂದೋ ಹಳ್ಳಕೊಳ್ಳದಲ್ಲಿ ಹೆಣವಾಗಿರುತ್ತಿದ್ದೆ, ಅವನ ತಲೆಯನ್ನು ತನಗೆ ಬಿಟ್ಟುಕೊಡಬೇಕು ಎಂದು ಬೇಡಿದ. ಬಿಟ್ಟ ಮೇಲೆ ಅವನು ಓಡಿಹೋದರೆ ಏನು ಮಾಡುತ್ತೀ ಎಂದು ಸುನ್ ಚುವಾನ್ ಕೇಳಿದ್ದಕ್ಕೆ, ಅವನ ಬದಲು ನನ್ನ ತಲೆ ಆ ಪೆಟ್ಟಿಗೆಗೆ ಸೇರಲಿ ಎಂದ. ಸು ಫೇಯ್ ಉಳಿದ. ಉಪಕಾರ ಮಾಡಿದವನ ಋಣವನ್ನು ಪ್ರಾಣವಿಟ್ಟು ತೀರಿಸುತ್ತಾನೆ, ಕೈಕೆಳಗಿನ ಹುಡುಗನ ಪ್ರಾಣವನ್ನು ಕಡ್ಡಿಗೂ ಕಡೆಯಾಗಿ ಕಾಣುತ್ತಾನೆ. ಅವನಿಗೆ ಜಗತ್ತಿನಲ್ಲಿ ತನ್ನನ್ನು ಗೌರವಿಸಿದವರು, ಗೌರವಿಸದವರು ಎಂಬ ಎರಡೇ ಜಾತಿ. ಹುವಾಂಗ್ ಜುವಿಗೆ ಇದು ಅರ್ಥವಾಗಲಿಲ್ಲ, ಸುನ್ ಚುವಾನನಿಗೆ ಅರ್ಥವಾಯಿತು. ತುಂಗಾತೀರ ಅವರು ಕೇಳಿದ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದೇ.

ಹಾಗೆ ಅರ್ಥ ಮಾಡಿಕೊಂಡ ಅರಸನಿಗೆ ದಕ್ಕಿದ್ದೂ ಕಡಿಮೆಯಲ್ಲ. ಯಿಲಿಂಗ್ ಕೋಟೆಯಲ್ಲಿ ಸುಮಾರು 1000 ಮಂದಿಯೊಡನಿದ್ದ ಅವನನ್ನು 5000ಕ್ಕೂ ಹೆಚ್ಚು ಶತ್ರುಗಳು ಮುತ್ತಿ, ಎತ್ತರದ ಅಟ್ಟಣೆಗಳಿಂದ ಬಾಣದ ಮಳೆ ಕರೆದಾಗ ಆಳುಗಳೆಲ್ಲ ನಡುಗುತ್ತಿದ್ದರೆ ಇವನು ನಗುತ್ತ ಮಾತಾಡಿಕೊಂಡಿದ್ದ. 214ರಲ್ಲಿ ಹುವಾನ್ ಕೋಟೆಯ ಗೋಡೆಯನ್ನು ಹಗ್ಗ ಹಿಡಿದು ಎಲ್ಲರಿಗಿಂತ ಮೊದಲು ಏರಿದ. ರೂಶೂ ಎಂಬಲ್ಲಿ ತ್ಸಾವ್ ತ್ಸಾವ್‌ನ ಭಾರೀ ಪಾಳೆಯದ ಮೇಲೆ ನೂರು ಚಿಲ್ಲರೆ ಮಂದಿಯೊಡನೆ ರಾತ್ರಿ ದಾಳಿಗೆ ಹೊರಡುವ ಮುನ್ನ, ಅರಸ ಕಳಿಸಿದ ಮದ್ಯವನ್ನು ಬೆಳ್ಳಿಯ ಬಟ್ಟಲಿಗೆ ಸುರಿದು ತಾನು ಎರಡು ಬಾರಿ ಕುಡಿದು ತನ್ನ ಕೆಳಗಿನ ನಾಯಕನಿಗೆ ಕೊಟ್ಟ. ಅವನು ತಲೆತಗ್ಗಿಸಿ ಕುಳಿತು ಬಟ್ಟಲು ಹಿಡಿಯಲಿಲ್ಲ. ಗಾನ್ ನಿಂಗ್ ಕತ್ತಿಯನ್ನು ಹಿರಿದು ಮೊಣಕಾಲ ಮೇಲಿಟ್ಟುಕೊಂಡು, ಅರಸನ ಬಳಿ ನಿನಗಿಂತ ಹೆಚ್ಚಿನ ಮನ್ನಣೆಯಿರುವ ನಾನೇ ಸಾವಿಗೆ ಅಂಜದಿರುವಾಗ ನೀನೇಕೆ ಅಂಜುತ್ತೀ ಎಂದು ಕೇಳಿದ. ಆಮೇಲೆ ಎಲ್ಲರೂ ಕುಡಿದರು, ಹೋದರು, ಪಾಳೆಯವನ್ನು ಕಲಕಿ ಹಿಂದಿರುಗಿದರು. ತ್ಸಾವ್ ತ್ಸಾವ್‌ಗೆ ಝಾಂಗ್ ಲಿಯಾವ್ ಇದ್ದರೆ ನನಗೆ ಗಾನ್ ನಿಂಗ್ ಇದ್ದಾನೆ ಎಂದು ಸುನ್ ಚುವಾನ್ ಹೇಳಿದ್ದು ಆಗಲೇ.

ಅವನ ಸಾವಿನ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಆಟಗಳಲ್ಲಿಯೂ ಧಾರಾವಾಹಿಗಳಲ್ಲಿಯೂ ಬರುವುದು ಕಾದಂಬರಿಯ ಕಥೆ. ಕಾಯಿಲೆಯಲ್ಲಿಯೇ ಯುದ್ಧಕ್ಕೆ ಹೋಗಿ ತಲೆಗೆ ಬಾಣ ತಗಲಿ ಮರದಡಿಯಲ್ಲಿ ಸತ್ತನೆಂಬುದು ಕಾದಂಬರಿಕಾರನ ಕಲ್ಪನೆ. ಅವನು ತೀರಿಕೊಂಡಾಗ ಸುನ್ ಚುವಾನ್ ಬಹಳ ದುಃಖಪಟ್ಟನೆಂದಷ್ಟೇ ಚೆನ್ ಶೌ ಬರೆಯುತ್ತಾನೆ. ಮಗ ಗಾನ್ ಗುಯ್ ಅಪರಾಧವೊಂದಕ್ಕಾಗಿ ಕುವಾಯ್ಜಿ ಎಂಬ ಸೀಮೆಗೆ ಗಡಿಪಾರಾಗಿ ಅಲ್ಲಿ ಹೆಚ್ಚು ಕಾಲ ಬದುಕಲಿಲ್ಲ. ಶತಮಾನಗಳ ನಂತರ, ಸೊಂಗ್ ರಾಜವಂಶದ ಕಾಲಕ್ಕೆ, ಹುಬೇಯ್ ಪ್ರಾಂತ್ಯದ ಫುಚಿ ಎಂಬ ನದೀತೀರದ ಊರಿನಲ್ಲಿ ಗಾನ್ ನಿಂಗ್ ದೇವರಾಗಿ ಪೂಜೆಗೊಳ್ಳುತ್ತಿದ್ದ. ಅರಸರು ಅವನಿಗೆ ರಾಜ ಪದವಿಯ ಬಿರುದುಗಳನ್ನು ಕೊಟ್ಟರು, ಯಾಂಗ್‌ತ್ಸೆ ನದಿಯಲ್ಲಿ ಸಾಗುವ ದೋಣಿಯವರು ಸುಖ ಪ್ರಯಾಣಕ್ಕಾಗಿ ಅವನಿಗೆ ಹರಕೆ ಹೊರುತ್ತಿದ್ದರು.